ಬಾಯಿ ಕಟ್ಟಿದವರೇ ಬಾಯಾಗಬೇಕು

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಓದುಗರಿಗಾಗಿ ಬರೆದುಕೊಟ್ಟದ್ದು.)



ಈ ಪತ್ರಿಕೆಯನ್ನು ನೀವು ಕೈಗೆತ್ತಿಕೊಳ್ಳುವುದು ಹತ್ತಿಯ ಧಾರಣೆ ಏನಾಯ್ತು, ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಬಂತೋ ಇಲ್ಲವೋ, ಸೊಸೈಟಿ ಸಾಲದ ಗತಿಯೇನು ಅಂತ ನೋಡಲಿಕ್ಕೆ. ಅಂಥ ಪತ್ರಿಕೆಯಲ್ಲಿ ನಾನು ಮಿಲಿಟರಿಯ ಮಾತು ಎತ್ತಿದರೆ, ಇವನಿಗೇನಾಯ್ತಪ್ಪಾ ಅಂತ ನಿಮಗೆ ಅನ್ನಿಸಬಹುದು. ಶಿಬಿರದಲ್ಲೂ ಒಬ್ಬ ಹಿರಿಯರು ಎದ್ದು ನಿಂತು ಹಾಗೇ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಊರಿನಿಂದ ಮಿಲಿಟರಿಗೆ ಹೋದ ಹುಡುಗರ ಮನೆಗಳನ್ನು ಬೆರಳು ಮಡಚಿ ಎಣಿಸಿರಿ. ಅವುಗಳಲ್ಲಿ ಒಕ್ಕಲುತನದ ಮನೆ ಎಷ್ಟು? ಆ ಮನೆಗಳ ಉತಾರದ ಮೇಲೆ ಬ್ಯಾಂಕಿನ ಬೋಜಾ ಕೂತದ್ದು ಎಷ್ಟು? ಎಣಿಸಿ ಮುಗಿಸಿದ ಮೇಲೆ ನಾನು ಯಾಕೆ ಈ ಮಾತು ಎತ್ತಿದೆ ಅಂತ ನೀವೇ ಹೇಳುತ್ತೀರಿ.

ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. ನನ್ನ ತಮ್ಮ ಭರ್ತಿಯಾದದ್ದು 1993ರಲ್ಲಿ. ದೇಶಪ್ರೇಮ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಅದಕ್ಕಿಂತ ಮುಂಚೆ ಮನೆಯಲ್ಲಿ ಸಾಲ ಇತ್ತು. ನಾಲ್ಕು ಎಕರೆ ಒಣ ಹೊಲದಲ್ಲಿ ಇಬ್ಬರು ಗಂಡುಮಕ್ಕಳು ಉಣ್ಣುವುದು ಆಗದ ಮಾತು ಅಂತ ಅಪ್ಪನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಟ್ರೇನಿಂಗಿನಿಂದ ಅವನ ಕಾಗದ ಬರುತ್ತಿತ್ತು: "ನಾನು ಆರಾಮ ಇದ್ದೇನೆ, ನೀವೂ ಆರಾಮ ಇರ್ರಿ." ಆ ಒಂದು ಸಾಲಿನ ಹಿಂದೆ ಏನಿತ್ತೋ ನಾವು ಕೇಳಲಿಲ್ಲ, ಅವ ಹೇಳಲಿಲ್ಲ.

ಅವ ನೌಕರಿಯಲ್ಲಿದ್ದಾಗ ಪಕ್ಕದ ಹೊಲದವರು ನಮ್ಮ ಬದು ಒತ್ತಿದರು. ಬಾಂದುಗಲ್ಲೇ ಕಿತ್ತುಹೋಯಿತು. ಹೊಲ ತಮ್ಮನ ಹೆಸರಿನಲ್ಲಿದ್ದುದರಿಂದ ಅವನೇ ಬಂದು ಅರ್ಜಿ ಕೊಡಬೇಕು, ಅವನೇ ಹಾಜರಾಗಬೇಕು ಅಂದರು. ಮೂರು ವರ್ಷದ ಮೂರು ರಜೆಯನ್ನು ಆ ಹುಡುಗ ಸರಕಾರಿ ಕಚೇರಿಯೊಂದರ ಕಟ್ಟೆಯ ಮೇಲೆ ಕಳೆದ. ಮೋಜಣಿಯವರು ಬಂದರೆ ಸಾಹೇಬರಿಲ್ಲ, ಸಾಹೇಬರಿದ್ದರೆ ಮೋಜಣಿಯವರಿಲ್ಲ. ಮೂರನೆಯ ಸಲ ನಾಳೆ ಖಂಡಿತ ಅಂದರು ಅಂತ ಉಳಿದ. ಎರಡು ದಿನ ತಡವಾಗಿ ಪಲ್ಟಣಿಗೆ ಹೋದ. ಅಲ್ಲಿ ಶಿಕ್ಷೆಯಾಯಿತು. ಬಹಳ ದಿನದ ಮೇಲೆ ನನ್ನ ಮುಂದೆ ಒಂದೇ ಮಾತು ಹೇಳಿದ: "ಅಣ್ಣಾ, ಬಂದೂಕ ಹಿಡಕೊಂಡು ನಿಂತ್ರೂ ಕಣ್ಣ ಮುಂದ ನಮ್ಮ ಬದುನೇ ಬರ್ತೈತಿ."

ಆಗ ನಾನು ಎಲ್ಲಿದ್ದೆ? ನಾನು ಹಸಿರು ಶಾಲು ಹೊದ್ದು ಊರೂರು ತಿರುಗುತ್ತಿದ್ದೆ. ಸಾಲಕ್ಕೆ ರೈತನ ಮನೆಯ ಸಾಮಾನು ಜಪ್ತಿ ಮಾಡಲಿಕ್ಕೆ ಬಂದವರನ್ನು ಜನ ಸೇರಿಸಿ ತಡೆದವ ನಾನು. ಆದರೆ ನನ್ನ ತಮ್ಮನ ಬದುವಿಗಾಗಿ ಆ ಕಚೇರಿಯ ಮುಂದೆ ಒಂದು ದಿನವೂ ಕೂರಲಿಲ್ಲ. ಯಾಕೆಂದರೆ ಅವನೇ ಕೈಮುಗಿದು ಬೇಡಿಕೊಂಡಿದ್ದ: "ಘೋಷಣೆ ಕೂಗಬ್ಯಾಡ ಅಣ್ಣಾ, ನನ್ನ ನೌಕರಿಗೆ ಕುತ್ತ ಬಂದೀತು." ಅವನ ಹೆದರಿಕೆ ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ಬರೀ ಹೆದರಿಕೆ ಅಂತ ತಿಳಿಯಲಿಕ್ಕೆ ಆಮೇಲೆ ನಾನು ಕಾನೂನಿನ ಪುಸ್ತಕ ಓದಲು ಕೂತೆ. ನಾನು ಓದಿದ್ದು ಊರಿನ ಹೈಸ್ಕೂಲಿನ ಮಟ್ಟಿಗೆ. ಆದ್ದರಿಂದ ನಿಧಾನವಾಗಿ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಸಂವಿಧಾನದ 33ನೆಯ ವಿಧಿ ಏನು ಹೇಳುತ್ತದೆ? ಸೈನಿಕರು ತಮ್ಮ ಕರ್ತವ್ಯ ಸರಿಯಾಗಿ ಮಾಡಲಿ, ಶಿಸ್ತು ಉಳಿಯಲಿ ಎಂಬ ಕಾರಣಕ್ಕೆ ಅವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಾನೂನಿನ ಮೂಲಕ ಮಿತಗೊಳಿಸಬಹುದು. ಅದರಂತೆ 1950ರ ಸೇನಾ ಕಾಯ್ದೆಯ 21ನೆಯ ಕಲಮು ಸಂಘ ಕಟ್ಟುವುದು, ಸಭೆ ಮೆರವಣಿಗೆ ಸೇರುವುದು, ಪತ್ರಿಕೆಗೆ ಬರೆಯುವುದು ಇವಕ್ಕೆಲ್ಲ ಕಡಿವಾಣ ಹಾಕುವ ಅಧಿಕಾರ ಕೊಡುತ್ತದೆ. ಸಾಕಷ್ಟು ಕಾರಣವಿಲ್ಲದೆ ರಜೆ ಮುಗಿದ ಮೇಲೂ ಉಳಿದರೆ 39ನೆಯ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ದಂಡನಾಯಕನೇ ಕೂತ ಜಾಗದಲ್ಲಿ, ಕೋರ್ಟು ಕಚೇರಿ ಇಲ್ಲದೆ, 28 ದಿನದವರೆಗೆ ಜವಾನನನ್ನು ಕೂಡಿಹಾಕುವ ಅಧಿಕಾರ 80ನೆಯ ಕಲಮಿನಲ್ಲಿದೆ. ಮೇಲಿನವನಿಂದ ಅನ್ಯಾಯವಾದರೆ ದೂರು ಕೊಡಲಿಕ್ಕೆ 26ನೆಯ ಕಲಮು ದಾರಿ ತೋರಿಸುತ್ತದೆ ನಿಜ. ಆದರೆ ಆ ದೂರು ತನ್ನ ದಳದ ಅಧಿಕಾರಿಗೇ ಹೋಗಬೇಕು. ದೂರು ಅವನ ಮೇಲೆಯೇ ಇದ್ದರೆ ಅವನ ಮೇಲಿನವನಿಗೆ ಹೋಗಬೇಕು.

ಇದನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ಬಂದೂಕು ಹಿಡಿದ ಲಕ್ಷಾಂತರ ಜನ ಬೀದಿಗಿಳಿದು ರಾಜಕೀಯ ಮಾಡತೊಡಗಿದರೆ ದೇಶ ಉಳಿಯುವುದಿಲ್ಲ. ನೆರೆಹೊರೆಯ ದೇಶಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕಬಾರದು ಅಂತ ನಾವು ಅದರ ಬಾಯಿಗೆ ಕುಕ್ಕೆ ಕಟ್ಟುತ್ತೇವೆ. ಕಟ್ಟುವುದು ತಪ್ಪಲ್ಲ. ಆದರೆ ಕಟ್ಟಿದವನು ಯಾರೋ, ಹೊತ್ತಿಗೆ ಸರಿಯಾಗಿ ಬಿಚ್ಚಿ ಮೇವು ನೀರು ನೋಡುವವನೂ ಅವನೇ ಆಗಬೇಕು. ಮನುಷ್ಯರನ್ನು ಎತ್ತಿಗೆ ಹೋಲಿಸಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಎತ್ತಿಗಿರುವ ಮರ್ಯಾದೆ ಏನು ಅಂತ ನಿಮಗೆ ಗೊತ್ತು. ಜವಾನನ ಬಾಯಿ ಕಟ್ಟಿದ್ದು ಸಂಸತ್ತು. ಹಾಗಾದರೆ ಅವನ ಪರವಾಗಿ ಬಾಯಿ ತೆರೆಯುವ ಹೊಣೆಯೂ ಸಂಸತ್ತಿನದೇ ಅಲ್ಲವೇ? ನಾನು ಇವತ್ತು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಆಧಾರ.

ಸಂಸತ್ತು ಕೇಳಿದರೆ ಏನಾಗುತ್ತದೆ, ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಲೆಕ್ಕ ಇದೆ. ಬ್ರಿಟಿಷರ ಸೈನ್ಯದಲ್ಲಿ ಶಿಸ್ತಿನ ಹೆಸರಿನಲ್ಲಿ ಸೈನಿಕನನ್ನು ಕಟ್ಟಿಹಾಕಿ ಬರಿಬೆನ್ನ ಮೇಲೆ ಚಾಟಿಯಿಂದ ಹೊಡೆಯುತ್ತಿದ್ದರು. ಅವರ ಪಾರ್ಲಿಮೆಂಟಿನಲ್ಲಿ ಅದರ ಬಗ್ಗೆ ವರ್ಷಗಟ್ಟಲೆ ಜಗಳ ನಡೆಯಿತು. 1868ರಲ್ಲಿ ಶಾಂತಿಕಾಲದ ಚಾಟಿಯೇಟು ನಿಂತಿತು. 1879ರಲ್ಲಿ ಸೈನ್ಯದ ಶಿಸ್ತಿನ ಮಸೂದೆ ಬಂದಾಗ ಐರ್ಲೆಂಡಿನ ಸದಸ್ಯ ಪಾರ್ನೆಲ್ ಮತ್ತು ಅವರ ಸಂಗಡಿಗರು ಒಂದೊಂದು ಕಲಮಿಗೂ ಎದ್ದು ನಿಂತು, ಸರಕಾರಕ್ಕೆ ಸಾಕುಸಾಕಾಗುವಂತೆ ವಾದಿಸಿದರು. 1881ರಲ್ಲಿ ಚಾಟಿಯೇಟು ಪೂರ್ತಿ ರದ್ದಾಯಿತು. ಈ ಪಾರ್ನೆಲ್ ಯಾರು ಗೊತ್ತೇ? ಅದೇ 1879ರಲ್ಲಿ ಐರ್ಲೆಂಡಿನ ಗೇಣಿದಾರ ರೈತರು ಕಟ್ಟಿದ ಲ್ಯಾಂಡ್ ಲೀಗಿನ ಅಧ್ಯಕ್ಷ. ಗೇಣಿಯ ವಿರುದ್ಧ ಹೋರಾಡಿದ ಮನುಷ್ಯನೇ ಸೈನಿಕನ ಬೆನ್ನಿನ ಪರವಾಗಿಯೂ ಹೋರಾಡಿದ.

ಇನ್ನು ನಮ್ಮ ಸಿಪಾಯಿಗಳ ಬೆನ್ನಿನ ಕಥೆ ಕೇಳಿ. 1835ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ದೇಶೀ ಸಿಪಾಯಿಗಳಿಗೆ ಚಾಟಿಯೇಟು ನಿಲ್ಲಿಸಿದ. 1845ರಲ್ಲಿ ಹಾರ್ಡಿಂಜ್ ಬಂದು ಮತ್ತೆ ತಂದ. ಬಿಳಿ ಸೈನಿಕನ ಬೆನ್ನಿಗೆ 1881ರಲ್ಲಿ ಸಿಕ್ಕ ಬಿಡುಗಡೆ ನಮ್ಮವರಿಗೆ ಕಾನೂನಿನಲ್ಲಿ ಸಿಕ್ಕಿದ್ದು 1920ರಲ್ಲಿ. ನಡುವೆ ಮೂವತ್ತೊಂಬತ್ತು ವರ್ಷ. ಬೆನ್ನು ಎರಡೂ ಒಂದೇ, ಚಾಟಿಯೂ ಒಂದೇ. ವ್ಯತ್ಯಾಸ ಇಷ್ಟೇ: ಅವರ ಪರವಾಗಿ ಎದ್ದು ಕೇಳಲಿಕ್ಕೆ ಅವರು ಆರಿಸಿ ಕಳಿಸಿದ ಸಭೆಯಿತ್ತು, ನಮಗೆ ಇರಲಿಲ್ಲ.

ಆ ದೇಶದಲ್ಲಿ ಇನ್ನೊಂದು ಪದ್ಧತಿ ಇದೆ. 1689ರ ಹಕ್ಕುಗಳ ಶಾಸನದ ಪ್ರಕಾರ ಶಾಂತಿಕಾಲದಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸೈನ್ಯ ಇಡುವುದೇ ಕಾನೂನಿಗೆ ವಿರುದ್ಧ. ಅದರಿಂದಾಗಿ ಸೈನ್ಯದ ಶಿಸ್ತಿನ ಕಾನೂನನ್ನು ಅವರು ಮೊದಲು ವರ್ಷಕ್ಕೊಮ್ಮೆ ಹೊಸದಾಗಿ ಮಾಡುತ್ತಿದ್ದರು. ಈಗ ಐದು ವರ್ಷಕ್ಕೊಮ್ಮೆ ಹೊಸ ಕಾಯ್ದೆ ತರಲೇಬೇಕು. ಲಾವಣಿಗೆ ಕೊಟ್ಟ ಹೊಲದ ಕರಾರಿನ ಹಾಗೆ: ಮುದ್ದತು ಮುಗಿದ ಕೂಡಲೆ ಎದುರುಬದುರು ಕೂತು ಮಾತಾಡಲೇಬೇಕು. ನಮ್ಮ 1950ರ ಸೇನಾ ಕಾಯ್ದೆಗೆ ಅಂಥ ಮುದ್ದತಿಲ್ಲ. ಒಮ್ಮೆ ಮಾಡಿದ್ದು ಮಾಡಿದ್ದೇ. ಆಗಾಗ ತಿದ್ದುಪಡಿ ಆದದ್ದುಂಟು. ಆದರೆ ಇಂತಿಷ್ಟು ವರ್ಷಕ್ಕೊಮ್ಮೆ ಇಡೀ ಕಾಯ್ದೆಯನ್ನು ಸದನದ ಮುಂದೆ ಹರಡಿ ನೋಡಬೇಕೆಂಬ ಕಟ್ಟಳೆ ಇಲ್ಲ.

ಹಾಗಾದರೆ ಆ ದೇಶದಲ್ಲಿ ಎಲ್ಲವೂ ಸರಿ ಇದೆಯೇ? ಇಲ್ಲ. ಸರ್ರೆ ಎಂಬ ಸೀಮೆಯ ಡೀಪ್‌ಕಟ್ ಎಂಬಲ್ಲಿ ಹೊಸ ಸೈನಿಕರ ಟ್ರೇನಿಂಗ್ ನಡೆಯುತ್ತಿತ್ತು. ಅಲ್ಲಿ 1995ರಿಂದ 2002ರ ನಡುವೆ ನಾಲ್ವರು ಗುಂಡೇಟಿನಿಂದ ಸತ್ತರು. ಎಲ್ಲರೂ 17ರಿಂದ 20ರ ವಯಸ್ಸಿನ ಮಕ್ಕಳು. ತಾವೇ ಹೊಡೆದುಕೊಂಡರು ಅಂತ ಸೈನ್ಯ ಹೇಳಿತು. ತಂದೆತಾಯಿಗಳು ಸುಮ್ಮನೆ ಒಪ್ಪಲಿಲ್ಲ. ಹೇಗೆ ಸತ್ತರು, ಆ ರಾತ್ರಿ ಅವರನ್ನು ನೋಡಿಕೊಳ್ಳುವವರು ಯಾರಿದ್ದರು, ಅವರನ್ನು ಯಾರಾದರೂ ಪೀಡಿಸಿದ್ದರೇ ಅಂತ ವರ್ಷಾನುಗಟ್ಟಲೆ ಕೇಳಿದರು. ಕೊನೆಗೆ ಕಾಮನ್ಸ್ ಸಭೆಯ ರಕ್ಷಣಾ ಸಮಿತಿ ವಿಷಯ ಕೈಗೆತ್ತಿಕೊಂಡಿತು. ಸಮಿತಿಯವರು ಟ್ರೇನಿಂಗ್ ಕೇಂದ್ರಗಳಿಗೆ ಹೋಗಿ ನೋಡಿದರು, ಮಕ್ಕಳನ್ನು ಕಳೆದುಕೊಂಡವರ ಮಾತು ಕೇಳಿದರು. 2005ರ ಮಾರ್ಚಿನಲ್ಲಿ ವರದಿ ಕೊಟ್ಟರು. ಅದರ ಹೆಸರೇ ‘ಡ್ಯೂಟಿ ಆಫ್ ಕೇರ್’, ಅಂದರೆ ನೋಡಿಕೊಳ್ಳುವ ಹೊಣೆ. ಸೈನ್ಯದ ಹಿಡಿತದಲ್ಲಿಲ್ಲದ ಸ್ವತಂತ್ರ ದೂರು ಆಯೋಗ ಬೇಕು ಅಂತ ಆ ವರದಿ ಹೇಳಿತು. 18 ತುಂಬದ ಮಕ್ಕಳನ್ನು ಭರ್ತಿ ಮಾಡಿಕೊಳ್ಳುವ ಬಗ್ಗೆಯೂ ಪ್ರಶ್ನೆ ಎತ್ತಿತು.

ಫಲ ಏನಾಯ್ತು? ಕೇಳಿದ್ದು ಎತ್ತು, ಸಿಕ್ಕಿದ್ದು ಕರು. 2006ರ ಕಾಯ್ದೆಯಲ್ಲಿ ದೂರುಗಳ ಮೇಲೆ ಕಣ್ಣಿಡುವ ಒಬ್ಬ ಆಯುಕ್ತರ ಹುದ್ದೆ ಹುಟ್ಟಿತು. 2016ರಲ್ಲಿ ಅದು ಇನ್ನಷ್ಟು ಅಧಿಕಾರವಿರುವ ಒಂಬುಡ್ಸ್‌ಮನ್ ಹುದ್ದೆಯಾಯಿತು. ನಾಲ್ಕರಲ್ಲಿ ಮೂರು ಸಾವುಗಳ ಮರುವಿಚಾರಣೆ ನಡೆದು 2016, 2018 ಮತ್ತು 2019ರಲ್ಲಿ ತೀರ್ಪು ಬಂತು. ಮೂರರಲ್ಲೂ ಆತ್ಮಹತ್ಯೆ ಅಂತಲೇ ಆಯಿತು. ಹಾಗಾದರೆ ಇಷ್ಟೆಲ್ಲ ಕೇಳಿದ್ದು ವ್ಯರ್ಥವೇ ಅಂತ ನೀವು ಕೇಳಬಹುದು. ಅಲ್ಲ. ನಮ್ಮಲ್ಲಿ ಒಬ್ಬ ರೈತ ವಿಷ ಕುಡಿದು ಸತ್ತರೆ "ತಾನೇ ಕುಡಿದ" ಅಂತ ಬರೆದು ಪೈಲು ಮುಚ್ಚುತ್ತಾರೆ. ತಾನೇ ಕುಡಿದ, ಸರಿ. ಯಾಕೆ ಕುಡಿದ, ಅಲ್ಲಿಗೆ ಅವನನ್ನು ತಂದದ್ದು ಯಾವುದು ಎಂಬುದೇ ನಮ್ಮ ಚಳವಳಿ ಇಷ್ಟು ವರ್ಷ ಕೇಳುತ್ತ ಬಂದ ಪ್ರಶ್ನೆ. ಆ ಸಮಿತಿ ಟ್ರೇನಿಂಗ್ ಮೈದಾನದಲ್ಲಿ ಕೇಳಿದ್ದೂ ಅದನ್ನೇ.

ಈಗ ನಮ್ಮ ಸಂಸತ್ತಿಗೆ ಬರೋಣ. 1993ರಿಂದ ನಮ್ಮಲ್ಲೂ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ರಕ್ಷಣಾ ಇಲಾಖೆಯ ಸಮಿತಿಯಲ್ಲಿ ಎರಡೂ ಸದನದ ಒಟ್ಟು 31 ಸದಸ್ಯರು, ಎಲ್ಲ ಪಕ್ಷದವರೂ ಇರುತ್ತಾರೆ. ಈ ಸಮಿತಿ ಕೆಲಸ ಮಾಡಿಲ್ಲ ಅಂತ ನಾನು ಹೇಳಿದರೆ ಸುಳ್ಳಾದೀತು. 2008ರಲ್ಲಿ ಅದು ಸೈನಿಕರ ಮನಸ್ಸಿನ ಮೇಲಿನ ಒತ್ತಡದ ಬಗ್ಗೆಯೇ ಒಂದು ವರದಿ ಕೊಟ್ಟಿತು. ಜವಾನರು ತಮ್ಮ ಜೀವ ತೆಗೆದುಕೊಳ್ಳುವುದು, ಜೊತೆಗಾರರ ಮೇಲೇ ಗುಂಡು ಹಾರಿಸುವುದು ಯಾಕೆ ಅಂತ ಅದು ಹುಡುಕಿತು. ಸಿಕ್ಕ ಕಾರಣಗಳಲ್ಲಿ ಮನೆಯ ತಾಪತ್ರಯ, ದುಡ್ಡಿನ ತೊಂದರೆ, ರಜೆಯ ತೊಂದರೆಗಳ ಜೊತೆಗೆ ಊರಿನ ಜಮೀನಿನ ವ್ಯಾಜ್ಯವೂ ಇತ್ತು. ಆ ಮಾತು ಓದಿದ ದಿನ ನನಗೆ ತಮ್ಮನ ಮುಖ ನೆನಪಾಯಿತು. ನನ್ನ ಮನೆಯದೊಂದೇ ಗೋಳು ಅಂತ ತಿಳಿದಿದ್ದೆ, ದಿಲ್ಲಿಯ ಕಾಗದದಲ್ಲಿ ಅದೇ ಬರೆದಿತ್ತು. ರಕ್ಷಣಾ ಸಚಿವರಾಗಿದ್ದ ಎ.ಕೆ. ಆಂಟನಿಯವರು ಜವಾನರ ಮನೆಯ ಇಂಥ ಅಹವಾಲುಗಳಿಗೆ ಜಿಲ್ಲಾ ಆಡಳಿತ ಬೇಗ ಸ್ಪಂದಿಸಬೇಕೆಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆ ಪತ್ರ ತಾಲ್ಲೂಕು ಕಚೇರಿಯ ಮೇಜಿನವರೆಗೆ ಬಂದು ಮುಟ್ಟಿತೇ? ನಿಮ್ಮ ಊರಿನ ಜವಾನನನ್ನು ಕೇಳಿ ನೋಡಿ.

ಅದೇ ವರದಿಯಲ್ಲಿ ಇನ್ನೊಂದು ಮಾತು ಇತ್ತು. ಅಧಿಕಾರಿಗಳ ಜೊತೆ ‘ಸಹಾಯಕ’ ಅಂತ ಜವಾನನನ್ನು ಇಡುವ ಪದ್ಧತಿ ಬ್ರಿಟಿಷರ ಕಾಲದ್ದು, ಸ್ವತಂತ್ರ ಭಾರತದಲ್ಲಿ ಅದಕ್ಕೆ ಜಾಗ ಇರಬಾರದು, ಜವಾನ ಸೇರಿದ್ದು ದೇಶದ ಸೇವೆಗೇ ಹೊರತು ಅಧಿಕಾರಿಯ ಮನೆಯ ಕೆಲಸಕ್ಕಲ್ಲ ಅಂತ ಸಮಿತಿ ಖಡಾಖಂಡಿತ ಹೇಳಿತು. ಆದರೆ ಸ್ಥಾಯಿ ಸಮಿತಿಯ ಶಿಫಾರಸು ಸರಕಾರದ ಮೇಲೆ ಕಡ್ಡಾಯವಲ್ಲ. ಮನೆಗೆಲಸಕ್ಕೆ ಹಚ್ಚಬಾರದು ಅಂತ ಸೈನ್ಯ ಸೂಚನೆಗಳನ್ನೇನೋ ಹೊರಡಿಸಿತು. ಪದ್ಧತಿಯನ್ನು ಮಾತ್ರ ಕೈಬಿಡಲಿಲ್ಲ. 2017ರಲ್ಲೂ ಸರಕಾರ ಅದನ್ನು ಸಮರ್ಥಿಸಿಕೊಂಡೇ ಉತ್ತರ ಕೊಟ್ಟಿತು. ನನ್ನ ದೂರು ಬರೀ ಸರಕಾರದ ಮೇಲೆ ಅಲ್ಲ. ವರದಿ ಬಂದ ಮೇಲೆ ಅದನ್ನು ಹಿಡಿದು ಬೆನ್ನು ಹತ್ತದ ನಮ್ಮ ಪ್ರತಿನಿಧಿಗಳ ಮೇಲೆ, ಬೆನ್ನು ಹತ್ತಿರಿ ಅಂತ ಅವರಿಗೆ ಹೇಳದ ನಮ್ಮ ಮೇಲೆ.

ಕೇಳುವವರಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಾಕು. 1985ರಲ್ಲಿ ಒಬ್ಬ ಸಿಗ್ನಲ್‌ಮನ್ ತನ್ನ ಅಧಿಕಾರಿಯ ಕಿರುಕುಳದ ಬಗ್ಗೆ ನೇರವಾಗಿ ಮೇಲಿನವರಿಗೆ ಅರ್ಜಿ ಬರೆದ. ಕ್ರಮ ತಪ್ಪಿ ಬರೆದೆ ಅಂತ 28 ದಿನದ ಕಠಿಣ ಶಿಕ್ಷೆಯಾಯಿತು. ಶಿಕ್ಷೆಯಲ್ಲಿದ್ದಾಗ ಊಟ ಮಾಡು ಅಂದರೆ ಮಾಡಲಿಲ್ಲ ಎಂಬ ಆರೋಪ ಬಂತು. ಮರುದಿನವೇ ಸಂಕ್ಷಿಪ್ತ ಸೇನಾ ನ್ಯಾಯಾಲಯ ಕೂತಿತು. ಯಾರ ಮೇಲೆ ಅವ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ಅಲ್ಲಿ ನ್ಯಾಯ ಹೇಳಲಿಕ್ಕೆ ಕೂತಿದ್ದ. ಒಂದು ವರ್ಷ ಸೆರೆವಾಸ, ನೌಕರಿಯಿಂದ ವಜಾ. 1987ರಲ್ಲಿ ಸುಪ್ರೀಂ ಕೋರ್ಟು ಇದೆಲ್ಲವನ್ನೂ ರದ್ದು ಮಾಡಿ ಅವನನ್ನು ನೌಕರಿಗೆ ಮರಳಿ ತೆಗೆದುಕೊಳ್ಳಿರಿ ಅಂದಿತು. ತಪ್ಪಿಗೂ ಶಿಕ್ಷೆಗೂ ತೂಕ ಬೇಡವೇ ಅಂತ ಕೇಳಿತು. ಅವ ಅಲ್ಲಿಯವರೆಗೆ ಹೋದ, ಉಳಿದ. ಹೋಗಲಿಕ್ಕೆ ದುಡ್ಡಿಲ್ಲದವರ ಲೆಕ್ಕ ಯಾರು ಇಟ್ಟಿದ್ದಾರೆ?

ಸೇನಾ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿಗೆ ಒಂದು ಜಾಗ ಬೇಕು ಅಂತ ಅದೇ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿತ್ತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಸ್ಥಾಪಿಸುವ ಕಾಯ್ದೆ ಸಂಸತ್ತಿನಲ್ಲಿ ಬಂದದ್ದು 2007ರಲ್ಲಿ. ಇಪ್ಪತ್ತೈದು ವರ್ಷ! ಒಬ್ಬ ಹುಡುಗ ಭರ್ತಿಯಾಗಿ, ಪೂರ್ತಿ ನೌಕರಿ ಮಾಡಿ, ಪಿಂಚಣಿ ಹಿಡಿದು ಊರಿಗೆ ಬರುವಷ್ಟು ಕಾಲ.

ಈಗ ಹೊಸ ಕಾಲದ ಮಾತು. 2022ರ ಜೂನ್ 14ರಂದು ಅಗ್ನಿಪಥ ಬಂತು. ಹದಿನೇಳೂವರೆ ವರ್ಷದ ಹುಡುಗನನ್ನೂ ತೆಗೆದುಕೊಳ್ಳುತ್ತಾರೆ. ಟ್ರೇನಿಂಗೂ ಸೇರಿ ನಾಲ್ಕು ವರ್ಷ. ಆಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರಿಗೆ ಸುಮಾರು 11.71 ಲಕ್ಷ ಗಂಟು, ಪಿಂಚಣಿ ಇಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ, ವಾದ ಎರಡೂ ಕಡೆ ಇದೆ. ನನ್ನ ಮಾತು ಬೇರೆ. ಲಕ್ಷಾಂತರ ಒಕ್ಕಲು ಮನೆಗಳ ಹಣೆಬರಹ ತಿದ್ದುವ ಈ ಬದಲಾವಣೆ ಮಸೂದೆಯಾಗಿ ಸದನದ ಮುಂದೆ ಬರಲಿಲ್ಲ. ಮಂತ್ರಿಮಂಡಲದ ನಿರ್ಣಯವಾಗಿ ಬಂತು. ಪ್ರಶ್ನೆ ಬಂದದ್ದು ಆಮೇಲೆ. ಸೇವೆಯಲ್ಲಿ ಮಡಿದ ಅಗ್ನಿವೀರನ ಮನೆಯವರಿಗೆ ಖಾಯಂ ಸೈನಿಕನ ಮನೆಯವರಿಗೆ ಸಿಗುವ ಸೌಲಭ್ಯವೇ ಸಿಗಲಿ ಅಂತ ಸ್ಥಾಯಿ ಸಮಿತಿ 2024ರಲ್ಲಿ ಶಿಫಾರಸು ಮಾಡಿತು. ನಾಲ್ಕು ವರ್ಷ ಮುಗಿದಾಗ ಆ ಇಪ್ಪತ್ತೈದರಲ್ಲಿ ತಾನಿರಬೇಕು ಅಂತ ದಿನಾ ಎಣಿಸುವ ಹುಡುಗ, ಮೇಲಿನವನು ತಪ್ಪು ಮಾಡಿದರೆ ದೂರು ಬರೆದಾನೇ? ಮೊದಲೇ ಕಟ್ಟಿದ ಬಾಯಿಗೆ ಇದು ಎರಡನೆಯ ಗಂಟು.

ಇಷ್ಟು ಹೇಳಿದಾಗ ಶಿಬಿರದಲ್ಲಿ ಒಬ್ಬ ಮಾಜಿ ಹವಾಲ್ದಾರರು ಎದ್ದರು. "ಅಲ್ರೀ, ಹಿಂಗ ಪ್ರಶ್ನೆ ಕೇಳ್ತಾ ಹೋದ್ರ ಶಿಸ್ತು ಉಳೀತದೇನು? ಟ್ರೇನಿಂಗ್ ಅಂದ್ರ ಹೂವಿನ ಹಾಸಿಗಿ ಅಲ್ಲ" ಅಂದರು. ಅವರ ಮಾತಿಗೆ ಬೆಲೆ ಕೊಟ್ಟೇ ಉತ್ತರ ಹೇಳಿದೆ. ಮೈ ಬೆವರದ ಟ್ರೇನಿಂಗ್ ರಣರಂಗದಲ್ಲಿ ಜೀವ ಉಳಿಸುವುದಿಲ್ಲ, ನಿಜ. ಹುಡುಗ ಎಷ್ಟು ಮೈಲಿ ಓಡಬೇಕು ಅಂತ ಸಂಸತ್ತು ಗೊತ್ತುಮಾಡಬೇಕಾಗಿಲ್ಲ. ಆದರೆ ಕೈಕೆಳಗಿನವನ ಮೇಲೆ ಕೈ ಮಾಡುವುದು, ಅವನನ್ನು ಪೀಡಿಸುವುದು ಶಿಸ್ತು ಅಲ್ಲ ಅಂತ ಹೇಳಿದ್ದು ನಾನಲ್ಲ. ಅದೇ ಸೇನಾ ಕಾಯ್ದೆಯ 47ನೆಯ ಕಲಮು ಹೇಳುತ್ತದೆ. ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಶಿಸ್ತಿನ ಕಾನೂನು ಕೆಳಗಿನವನಿಗೆ ಎಷ್ಟೋ ಮೇಲಿನವನಿಗೂ ಅಷ್ಟೇ ಅಂತ ನೋಡುವ ಕಣ್ಣು ಒಂದು ಹೊರಗೆ ಇರಬೇಕು. ಹವಾಲ್ದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಖರೇ ಐತಿ" ಅಂತ ಕೂತರು.

ಹಾಗಾದರೆ ನಾವು ಏನು ಮಾಡಬೇಕು? ದೊಡ್ಡ ಮಾತು ಬೇಡ. ಮೂರು ಕೆಲಸ ಹೇಳುತ್ತೇನೆ.

ಒಂದು. ನಿಮ್ಮ ಲೋಕಸಭಾ ಸದಸ್ಯರು ಊರಿಗೆ ಬಂದಾಗ ಧಾರಣೆಯ ಮನವಿಯ ಜೊತೆ ಇನ್ನೊಂದು ಹಾಳೆ ಕೊಡಿರಿ. ದೇಶದ ಟ್ರೇನಿಂಗ್ ಕೇಂದ್ರಗಳಲ್ಲಿ ವರ್ಷಕ್ಕೆ ಎಷ್ಟು ಹೊಸ ಹುಡುಗರು ಸತ್ತರು, ಎಷ್ಟು ಜನ ಕೈಕಾಲು ಕಳೆದುಕೊಂಡು ಮನೆಗೆ ಬಂದರು, ಅವರಿಗೆ ಏನು ಕೊಟ್ಟಿರಿ, ಎಷ್ಟು ದೂರು ಬಂದವು, ಎಷ್ಟು ತೀರಿದವು? ಹದಿನೈದು ದಿನದ ನೋಟೀಸು ಕೊಟ್ಟರೆ ಯಾವ ಸದಸ್ಯರೂ ಈ ಪ್ರಶ್ನೆ ಹಾಕಬಹುದು. ಉತ್ತರ ಬಂದರೆ ಈ ಪತ್ರಿಕೆಗೆ ಕಳಿಸಿರಿ.

ಎರಡು. ಸೈನಿಕರ ದೂರು ಕೇಳಲಿಕ್ಕೆ ಸೈನ್ಯದ ಹೊರಗಿನ, ಸಂಸತ್ತಿಗೆ ವರದಿ ಒಪ್ಪಿಸುವ ಒಂದು ಸ್ಥಾನ ಬೇಕು. ಸೇನಾ ಕಾಯ್ದೆಯನ್ನು ಐದು ವರ್ಷಕ್ಕೊಮ್ಮೆ ಸದನದ ಮುಂದೆ ಇಡುವ ಕಟ್ಟಳೆ ಬೇಕು. ನಮ್ಮ ಸಮಾವೇಶಗಳ ನಿರ್ಣಯದಲ್ಲಿ ಇದೂ ಸೇರಲಿ.

ಮೂರು. ಇದು ದಿಲ್ಲಿಗೆ ಕಾಯಬೇಕಾದ ಕೆಲಸವಲ್ಲ. ನಿಮ್ಮ ಊರಿನ ಜವಾನರ ಮನೆಯ ಮೋಜಣಿ, ವಾಟ್ನಿ, ಬೋಜಾದ ಪೈಲನ್ನು ಊರಿನ ಸಂಘ ಕೈಗೆ ತೆಗೆದುಕೊಳ್ಳಲಿ. ತಿಂಗಳಿಗೊಂದು ದಿನ ಸೈನಿಕರ ಮನೆಯ ಅರ್ಜಿಗಳಿಗೇ ಮೀಸಲಿಡಿರಿ ಅಂತ ತಹಶೀಲ್ದಾರರನ್ನು ಕೇಳಿರಿ. ಗಡಿಯಂಥ ವಿಶೇಷ ಪರಿಸ್ಥಿತಿಯಲ್ಲಿ ಕೆಲಸ ಮಾಡುವ ಸೈನಿಕ ಬರಲಾಗದೆ ಹೋದರೆ ಅವನ ದಾವೆಯನ್ನು ಮುಂದಕ್ಕೆ ಹಾಕುವ 1925ರ ಒಂದು ಕಾಯ್ದೆಯೇ ಇದೆ. ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ. ಎಷ್ಟು ಮಂದಿಗೆ ಗೊತ್ತು? ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೂ ವಕೀಲರಿಗೂ ಕೇಳಿ, ಊರಿನ ಚಾವಡಿಯಲ್ಲಿ ಬರೆದು ಅಂಟಿಸಿರಿ.

1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತ ಬೀದಿಗೆ ಬಂದು ತನ್ನ ಸಂಕಟ ತಾನೇ ಕೂಗಿ ಹೇಳಿದ. ನಮಗೆ ಆ ಬಾಯಿ ಇತ್ತು, ಈಗಲೂ ಇದೆ. ಅದೇ ಮನೆಯ ಇನ್ನೊಬ್ಬ ಮಗನಿಗೆ ಇಲ್ಲ. 1965ರಲ್ಲಿ ಶಾಸ್ತ್ರೀಜಿ ಜೈ ಜವಾನ್, ಜೈ ಕಿಸಾನ್ ಅಂದಾಗಿನಿಂದ ಎರಡೂ ಜಯಕಾರ ಒಂದೇ ಉಸಿರಿನಲ್ಲಿ ಕೂಗುತ್ತ ಬಂದಿದ್ದೇವೆ. ಕೂಗಿ ಮುಗಿಸಿ ಮನೆಗೆ ಹೋಗುವ ಮುಂಚೆ ನಿಮ್ಮ ಓಣಿಯ ಜವಾನನ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿರಿ. "ಮಗನ ಫೋನ್ ಬಂದಿತ್ತೇನವ್ವಾ?" ಅಂತ ಕೇಳಿರಿ. ಆರಾಮ ಇದ್ದಾನೆ ಅಂತಾಳೆ ಆ ತಾಯಿ. ಅಲ್ಲಿಗೆ ಬಿಡಬೇಡಿ. ಹೊಲದ ಪೈಲು ಎಲ್ಲಿಗೆ ಬಂತು ಅಂತಲೂ ಕೇಳಿರಿ. ನನ್ನ ತಮ್ಮ ನೌಕರಿಯಲ್ಲಿದ್ದಾಗ ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ನೀವು ಕೇಳಿರಿ.